ಸುಬ್ಬಯ್ಯನವರ ಕಣ್ಣು, ಮಸೂದಾಳ ಹೆಪ್ಪು

ಸುಬ್ಬಯ್ಯನವರ ಕಣ್ಣು ಕೆಟ್ಟದ್ದು ಅನ್ನುವುದು ಕೆ. ಹೊಸಕೋಟೆ ಹೋಬಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮನುಷ್ಯ ಮಾತ್ರ ಬಹಳ ಒಳ್ಳೆಯವರು. ಸಣ್ಣದೊಂದು ಕಾಫಿ ತೋಟ, ಬಾಯಲ್ಲಿ ಸದಾ ಎಲೆ ಅಡಿಕೆ, ಯಾರ ತಂಟೆಗೂ ಹೋದವರಲ್ಲ. ಅವರಿಗಿದ್ದ ಕಷ್ಟ ಒಂದೇ. ಚೆನ್ನಾಗಿರುವುದನ್ನು ಕಂಡರೆ ಹೊಗಳದೆ ಇರಲು ಅವರಿಂದ ಆಗುತ್ತಿರಲಿಲ್ಲ; ಅವರು ಹೊಗಳಿದ್ದು ಉಳಿಯುತ್ತಿರಲಿಲ್ಲ.

ಸಿದ್ದಬಸಪ್ಪನ ಹಲಸಿನ ಮರ ನೋಡಿ "ಏನ್ ಮರ ಕಣೋ ಇದು, ಆನೆ ನಿಂತಂಗೈತೆ" ಅಂದರು. ಆ ವಾರವೇ ನಿಜವಾದ ಆನೆಯೊಂದು ಬಂದು ಅದಕ್ಕೆ ಬೆನ್ನುಜ್ಜಿ ಮಲಗಿಸಿ ಹೋಯಿತು. ಆಲೂರಿನ ಬಸ್ಸಿನ ಡ್ರೈವರಿಗೆ "ನಿನ್ನಂಗೆ ತಿರುವು ಹೊಡೆಯೋನು ಇನ್ನೊಬ್ಬ ಹುಟ್ಟಿಲ್ಲ ಬುಡು" ಅಂದರು. ಮುಂದಿನ ತಿರುವಿನಲ್ಲಿ ಬಸ್ಸು ಚರಂಡಿಗೆ ಇಳಿಯಿತು. ಇಳಿದು ತಳ್ಳಿದವರಲ್ಲಿ ಸುಬ್ಬಯ್ಯನವರೂ ಇದ್ದರು. ತಳ್ಳುತ್ತಲೇ "ಎಂಥಾ ಗಟ್ಟಿ ಬಸ್ಸು" ಅಂದರೆಂದೂ, ಆಗ ಹಿಂದಿನ ಗಾಜು ಕಳಚಿ ಬಿತ್ತೆಂದೂ ಹೇಳುವವರಿದ್ದಾರೆ.

ಹೀಗಾಗಿ ಯಾರ ಮನೆಯ ಊಟಕ್ಕೆ ಹೋದರೂ ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸುವುದು ರೂಢಿಯಾಗಿಬಿಟ್ಟಿತ್ತು. ತಾಯಂದಿರು ಮಕ್ಕಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಹೆದರದೆ ಇದ್ದವರು ಅವರ ಹೆಂಡತಿ ದ್ರಾಕ್ಷಾಯಣಮ್ಮ ಒಬ್ಬರೇ. "ನನ್ನ ಅಡುಗೇನ ಇವರು ಒಂದಿನ ಹೊಗಳಿದ್ರೆ ತಾನೇ ಕೆಡೋದು?" ಅನ್ನುತ್ತಿದ್ದರು.

ಪಾಳ್ಯದ ಮಹಾದೇವಯ್ಯನ ಮನೆಯಲ್ಲಿ ಬೀಗರ ಊಟವಾದ ದಿನವೂ ಸುಬ್ಬಯ್ಯನವರು ಗೋಡೆ ನೋಡುತ್ತಲೇ ಕೂತಿದ್ದರು. ಕೈಚೀಲದಲ್ಲಿ ದ್ರಾಕ್ಷಾಯಣಮ್ಮ ಕಳಿಸಿದ್ದ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಮನೆಯ ಮೊಸರು, ಅದರೊಳಗೇ ನೆಟ್ಟ ಒಂದು ಚಮಚ. ಹೊರಗಿನ ಮೊಸರು ತಿಂದರೆ ಗಂಡನ ಹೊಟ್ಟೆ ಕೆಡುತ್ತದೆ ಎಂಬುದು ಆಕೆಯ ನಂಬಿಕೆ. ಮನೆಯ ಮೊಸರೋ, ಹುಳಿಯೆಂದರೆ ಅಂಥ ಹುಳಿ. ಒಂದು ತುತ್ತಿಗೆ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಅಂದು ಬಡಿಸುವವನು ಕೇಳದೆಯೇ ಅನ್ನದ ಮೇಲೆ ಒಂದು ಸೌಟು ಮೊಸರು ಹಾಕಿಬಿಟ್ಟ. ಸುಬ್ಬಯ್ಯನವರು ಬಾಯಿಗಿಟ್ಟರು. ಹಾಗೇ ಸ್ವಲ್ಪ ಹೊತ್ತು ಗೋಡೆಯ ಸುಣ್ಣವನ್ನು ನೋಡಿದರು. ಹಣೆಯ ಮೇಲೆ ಬೆವರು ಮೂಡಿತು.

"ಯಾರ್ದಪ್ಪ ಈ ಮೊಸರು?"

"ಆಲೂರಿನ ಮಸೂದಮ್ಮಂದು. ಬಸ್‌ಸ್ಟ್ಯಾಂಡ್ ಹಿಂದ್ಗಡೆ ಮನೆ. ಅವರ ಯಜಮಾನ್ರು ಹಮೀದಣ್ಣ ಗೂಡ್ಸ್ ಆಟೋದಲ್ಲಿ ತಂದಾಕ್ತಾರೆ." ಅಷ್ಟರಲ್ಲಿ ಬಡಿಸುವವನಿಗೆ ಯಾರೊಂದಿಗೆ ಮಾತಾಡುತ್ತಿದ್ದೇನೆಂದು ಹೊಳೆಯಿತು. "ಸುಬ್ಬಣ್ಣ, ದಮ್ಮಯ್ಯ ಅಂತೀನಿ, ಏನೂ ಅನ್ಬೇಡಿ. ಇನ್ನೂ ಎರಡು ಪಂಕ್ತಿ ಊಟ ಐತೆ."

ಸುಬ್ಬಯ್ಯನವರು ತಡೆದುಕೊಂಡರು. ಮೂಗಿನ ತುದಿ ಕೆಂಪಾಗುವಷ್ಟು ತಡೆದುಕೊಂಡರು. ಮಾರನೆಯ ಬೆಳಿಗ್ಗೆ ತಡೆಯಲಾರದೆ ಆಲೂರಿನ ಬಸ್ಸು ಹತ್ತಿದರು. ಡಬ್ಬಿ ಕೈಚೀಲದಲ್ಲೇ ಇತ್ತು.

ಮಸೂದಾಳ ಮನೆಯ ಹಿಂದಿನ ಕೋಣೆಯೇ ಅವಳ ಮೊಸರಿನ ಕಾರ್ಖಾನೆ. ಸಾಲಾಗಿ ಸ್ಟೀಲ್ ಪಾತ್ರೆಗಳು, ಗೋಡೆಗೂಡಿನಲ್ಲಿ ಹೆಪ್ಪಿನ ಗಡಿಗೆ. ಆ ಹೆಪ್ಪು ಅವಳ ಅಜ್ಜಿಯದು. ಸಕಲೇಶಪುರದಿಂದ ಮದುವೆಯಾಗಿ ಬರುವಾಗ ಮಸೂದಾ ತವರಿನಿಂದ ಅದನ್ನು ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ದಾರಿಯುದ್ದಕ್ಕೂ ಚೆಲ್ಲದಂತೆ ಹಿಡಿದುಕೊಂಡಿದ್ದರಿಂದ ಮದುವಣಗಿತ್ತಿ ಅಳುವುದಕ್ಕೂ ಆಗಿರಲಿಲ್ಲ. ದಿನವೂ ಹಾಲಿಗೆ ಅದೇ ಹೆಪ್ಪು, ಆ ಮೊಸರಿನಿಂದ ಮತ್ತೆ ನಾಳೆಯ ಹೆಪ್ಪು. ಒಂದು ದಿನವೂ ತಪ್ಪಿದ್ದಿಲ್ಲ.

ಬಂದ ಅತಿಥಿಯನ್ನು ಮಸೂದಾ ಅಲ್ಲೇ ಕೂರಿಸಿದಳು. ಅವರ ಕಣ್ಣಿನ ವಿಷಯ ಅವಳ ಕಿವಿಗೆ ಬಿದ್ದಿರಲಿಲ್ಲ. ಸುಬ್ಬಯ್ಯನವರು ಬಾಯ್ತುಂಬ ಹೊಗಳಿದರು. ಕೆನೆಯನ್ನು ಹೊಗಳಿದರು, ಗಟ್ಟಿಯನ್ನು ಹೊಗಳಿದರು, ಸಿಹಿಗೂ ಹುಳಿಗೂ ನಡುವೆ ನಿಂತ ಆ ರುಚಿಯನ್ನು ಹೊಗಳಲು ಮಾತು ಸಿಗದೆ ಕೈ ಆಡಿಸಿದರು. ಅವಳು ಟೀ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮೀಸೆ ಒರೆಸಿಕೊಳ್ಳುತ್ತ ಕೂತಿದ್ದರು. ಹೊರಡುವಾಗ ಡಬ್ಬಿಗೊಂದಿಷ್ಟು ಮೊಸರು ಹಾಕಿಸಿಕೊಂಡು ಹೋದರು. ಅದು ಬಸ್ಸಿನಲ್ಲೇ ಖಾಲಿಯಾಯಿತು.

ಮರುದಿನ ಬೆಳಿಗ್ಗೆ ಮಸೂದಾ ಪಾತ್ರೆಯ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇತ್ತು.

ಚಳಿ ಇರಬೇಕು ಅಂದುಕೊಂಡಳು. ಮಾರನೆಯ ದಿನ ಪಾತ್ರೆಗಳಿಗೆ ಕಂಬಳಿ ಹೊದಿಸಿದಳು. ಕಂಬಳಿಯಡಿಯಲ್ಲಿ ಹಾಲು ಬೆಚ್ಚಗೆ ನಿದ್ದೆ ಮಾಡಿತು, ಮೊಸರಾಗಲಿಲ್ಲ. ಹಾಲಿನವನನ್ನು ಬದಲಾಯಿಸಿದಳು, ಪಾತ್ರೆಗಳನ್ನು ಸೀಗೆ ಹಾಕಿ ಉಜ್ಜಿದಳು, ದುವಾ ಓದಿ ಗಡಿಗೆಯ ಮೇಲೆ ಊದಿದಳು. ಗಡಿಗೆಯ ತಳದಲ್ಲಿ ನೀರು ನೀರಾದ ಏನೋ ಒಂದು ಅಲ್ಲಾಡುತ್ತಿತ್ತು. ಹೋಟೆಲಿನವರು ಫೋನ್ ಮೇಲೆ ಫೋನ್ ಮಾಡಿದರು. ಅದಕ್ಕಿಂತ ದೊಡ್ಡ ಚಿಂತೆ, ತಂಗಿ ನಾಜಿಮಾಳ ಮಗಳು ಆತಿಕಾಳ ಮದುವೆ ಹತ್ತಿರ ಬಂದಿತ್ತು. ಸಕಲೇಶಪುರದಲ್ಲಿ ಮದುವೆಯೂಟ, ಬಿರಿಯಾನಿಯ ಜೊತೆಗೆ ಮೊಸರು ಬಜ್ಜಿ. ದೊಡ್ಡಮ್ಮ ಇರುವಾಗ ಪ್ಯಾಕೆಟ್ ಮೊಸರಿನ ಬಜ್ಜಿಯೇ?

ಹಮೀದ್ ಮೊಸರು ಹಾಕುವ ಮನೆಗಳಲ್ಲೆಲ್ಲ ಈ ಸಂಕಟ ಹೇಳಿಕೊಂಡ. ಪಾಳ್ಯದ ಮಹಾದೇವಯ್ಯ ಎಲ್ಲ ಕೇಳಿ, ಒಂದೇ ಪ್ರಶ್ನೆ ಕೇಳಿದ. "ನಿಮ್ಮನೆಗೆ ಹೊಸಕೋಟೆ ಸುಬ್ಬಯ್ಯ ಏನಾದ್ರೂ ಬಂದಿದ್ನಾ?"

"ಬಂದಿದ್ರು. ಪಾಪ, ಭಾಳ ಹೊಗಳಿದ್ರಂತೆ."

"ಹೋಯ್ತು ಬುಡು ಮಾರಾಯ," ಅಂದ ಮಹಾದೇವಯ್ಯ. "ನೀನು ಇನ್ನು ಸೋಡಾ ಮಾರು."

ಹಮೀದ್ ಜಗಳಗಂಟನಲ್ಲ. ಆಟೋ ತಿರುಗಿಸಿ ಸೀದಾ ಹೊಸಕೋಟೆಗೆ ಹೋಗಿ, ಸುಬ್ಬಯ್ಯನವರ ಅಂಗಳದಲ್ಲಿ ಕೈಮುಗಿದು ನಿಂತ.

"ಸುಬ್ಬಣ್ಣ, ತಪ್ಪು ತಿಳ್ಕೋಬೇಡಿ. ನಿಮ್ಮ ಪಾದದ ಕೆಳಗಿನ ಮಣ್ಣು ಒಂದು ಚಿಟಿಕೆ ಬೇಕಿತ್ತು."

ಸುಬ್ಬಯ್ಯನವರಿಗೆ ತಕ್ಷಣ ಅರ್ಥವಾಯಿತು. ಇದು ಅವರಿಗೆ ಹೊಸದಲ್ಲ. ದೃಷ್ಟಿ ತೆಗೆಯಲೆಂದು ಊರವರು ಒಯ್ದೂ ಒಯ್ದೂ ಅಂಗಳದ ಒಂದು ಮಗ್ಗುಲು ತಗ್ಗೇ ಬಿದ್ದಿತ್ತು. ಎಡಗಾಲೆತ್ತಿ ನಿಂತರು. ಹಮೀದ್ ಕಾಗದದಲ್ಲಿ ಮಣ್ಣು ಕಟ್ಟಿಕೊಂಡ. ಒಂಟಿಕಾಲಿನಲ್ಲಿ ನಿಂತಿದ್ದ ಹಾಗೆಯೇ ಸುಬ್ಬಯ್ಯನವರು ಹಮೀದನ ಭುಜ ಹಿಡಿದುಕೊಂಡರು.

"ಹಮೀದಣ್ಣ, ಮರ ಬಿದ್ದಾಗ ನಂಗೆ ಇಷ್ಟು ಬೇಜಾರಾಗಿರ್ಲಿಲ್ಲ ಕಣೋ. ಆ ಮೊಸರು... ಆ ಮೊಸರು ನನ್ನಿಂದ ಕೆಡ್ತು ಅಂದ್ರೆ ನಾನು ಯಾಕೆ ಬದುಕಿರ್ಬೇಕು?"

"ಕಾಲು ಇಳಿಸ್ಕೊಳ್ಳಿ ಸುಬ್ಬಣ್ಣ," ಅಂದ ಹಮೀದ್.

ಆಲೂರಿನಲ್ಲಿ ಮಸೂದಾ ಆ ಪೊಟ್ಟಣ ನೋಡಿ ಗಂಡನನ್ನು ನೋಡಿದಳು. "ಹಾಲಿನ ಕೋಣೆಗೆ ಕಾಲಿನ ಮಣ್ಣು ತರ್ತೀರಾ? ಆಚೆ ಎಸೀರಿ. ಅಜ್ಜಿ ಇದ್ದಿದ್ರೆ ನಿಮ್ಮನ್ನೂ ಎಸೀತಿದ್ರು."

ಇತ್ತ ಸುಬ್ಬಯ್ಯನವರು ಎರಡು ಹೊತ್ತು ಊಟ ಬಿಟ್ಟರು. ಮೂರನೆಯ ಹೊತ್ತಿಗೆ ಹಸಿವು ತಡೆಯದೆ ಉಂಡು, ಸೊಸೆ ಶೃತಿಗೆ ಫೋನ್ ಮಾಡಿದರು. ಶೃತಿ ಅವರ ತಂಗಿ ಕಮಲಮ್ಮನ ಮಗಳು, ಸಕಲೇಶಪುರದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದಳು. ಒಳ್ಳೆಯ ಮೇಷ್ಟ್ರು, ಆದರೆ ಅವಳ ಪಾಠಕ್ಕೆ ಇದುವರೆಗೆ ಒಬ್ಬ ವಿದ್ಯಾರ್ಥಿಯೂ ಒಂದು ಪ್ರಶ್ನೆ ಕೇಳಿರಲಿಲ್ಲ. "ಮೇಡಂ, ಇದು ಪರೀಕ್ಷೆಗೆ ಬರುತ್ತಾ?" ಅನ್ನುವುದನ್ನು ಅವಳು ಪ್ರಶ್ನೆಯೆಂದು ಲೆಕ್ಕಕ್ಕಿಡುತ್ತಿರಲಿಲ್ಲ.

"ಶೃತಿ, ವಿಜ್ಞಾನದಲ್ಲಿ ಕಣ್ಣು ಬದಲಾಯಿಸೋಕೆ ಆಗುತ್ತೇನವ್ವಾ?"

ಸಂಗತಿ ಕೇಳಿದ ಶೃತಿ ಭಾನುವಾರ ಬೆಳಿಗ್ಗೆಯೇ ಆಲೂರಿಗೆ ಬಂದಳು. ಸುಬ್ಬಯ್ಯನವರನ್ನೂ ಜೊತೆಗೆ ಕರೆತಂದಳು. ಅವರು ಮಸೂದಾಳ ಮನೆಯೊಳಗೆ ಕಣ್ಣಿಗೆ ಟವೆಲ್ ಕಟ್ಟಿಕೊಂಡು ಬಂದು, ಬಾಗಿಲಿಗೆ ಹಣೆ ಬಡಿಸಿಕೊಂಡು, ಸ್ಟೂಲಿನ ಮೇಲೆ ಕೂತರು.

ಶೃತಿ ಗಡಿಗೆಯನ್ನು ಬೆಳಕಿಗೆ ಹಿಡಿದಳು, ಮೂಸಿದಳು, ಬೆರಳದ್ದಿ ನೋಡಿದಳು. "ಆಂಟಿ, ಹಾಲು ಮೊಸರಾಗೋದು ಅದರೊಳಗಿನ ಬ್ಯಾಕ್ಟೀರಿಯಾದಿಂದ. ನಿಮ್ಮ ಅಜ್ಜಿಯ ಹೆಪ್ಪು ಅಂದ್ರೆ ಅಜ್ಜಿ ಸಾಕಿದ ಬ್ಯಾಕ್ಟೀರಿಯಾ. ಅವಕ್ಕೆ ಕಾಯಿಲೆ ಬಂದಿದೆ."

"ಮೊಸರಿಗೆ ಜ್ವರವಾ?" ಅಂದ ಹಮೀದ್.

"ಹೂಂ ಅಣ್ಣ. ನಮಗೆ ವೈರಸ್ ಬರೋ ಹಾಗೆ ಬ್ಯಾಕ್ಟೀರಿಯಾಗೂ ವೈರಸ್ ಬರುತ್ತೆ. ಒಳಗೆ ಹೊಕ್ಕು, ಮರಿ ಹಾಕಿ, ಹೊಟ್ಟೆ ಒಡೆದು ಆಚೆ ಬರುತ್ತೆ. ಒಂದು ಬೆಳಗಾಗೋದ್ರೊಳಗೆ ಗಡಿಗೆ ಪೂರ್ತಿ ಸತ್ತು ಹೋಗಬಹುದು."

ಟವೆಲಿನೊಳಗಿಂದ ಒಂದು ಸದ್ದು ಬಂತು. ಸುಬ್ಬಯ್ಯನವರು ಎದ್ದು ನಿಂತಿದ್ದರು. "ಅಂದ್ರೆ... ನನ್ ಕಣ್ಣಲ್ವಾ?"

"ಅಲ್ಲ ಮಾವ. ವೈರಸ್ಸು."

ಸುಬ್ಬಯ್ಯನವರು ಟವೆಲ್ ಕಿತ್ತೆಸೆದರು. ಅಷ್ಟು ವರ್ಷದ ಭಾರ ಒಮ್ಮೆಗೇ ಇಳಿದಿತ್ತು. ಹಮೀದನನ್ನು ತಬ್ಬಿಕೊಂಡರು. "ಕೇಳ್ದೇನೋ! ವೈರಸ್ಸಂತೆ! ವಿಜ್ಞಾನ ಓದಿರೋಳು ಹೇಳ್ತಾವ್ಳೆ! ನನ್ ಕಾಲಡಿ ಮಣ್ಣು ವಾಪಸ್ ಕೊಡೋ!"

"ಆದ್ರೆ ಈ ವೈರಸ್ ತಾನಾಗೇ ಹಾರಿಕೊಂಡು ಬರೋದು ಕಮ್ಮಿ," ಅಂದಳು ಶೃತಿ. "ಬೇರೆ ಮನೆಯ ಮೊಸರು, ಮಜ್ಜಿಗೆ ಏನಾದ್ರೂ ಈ ಗಡಿಗೆಗೆ ತಗುಲಿರಬೇಕು. ಯಾರಾದ್ರೂ ಕೈ ಹಾಕಿದ್ರಾ ಆಂಟಿ?"

"ನನ್ನ ಗಡಿಗೆಗೆ ಯಾರು ಕೈ ಹಾಕ್ತಾರೆ? ನಮ್ಮೋರಿಗೇ ಬಿಡಲ್ಲ. ಸುಬ್ಬಣ್ಣ ಬಂದಾಗ ಮಾತ್ರ ಟೀ ಮಾಡೋಕೆ ಒಳಗೆ ಹೋಗಿದ್ದೆ. ಅವರು ಇಲ್ಲೇ ಕೂತು ನೋಡ್ತಿದ್ರು."

"ನೋಡ್ಲಿಲ್ಲ!" ಸುಬ್ಬಯ್ಯನವರು ಆವೇಶದಿಂದ ಎದೆ ತಟ್ಟಿಕೊಂಡರು. "ದೇವರಾಣೆಗೂ ನೋಡ್ಲಿಲ್ಲ ಕಣಮ್ಮ! ಎಲ್ಲಿ ದೃಷ್ಟಿ ಆಗ್ಬುಡ್ತದೋ ಅಂತ ಕಣ್ಣು ಗಟ್ಟಿಯಾಗಿ ಮುಚ್ಕೊಂಡೇ ಚಮಚ ಹಾಕಿದ್ದು!"

ಶೃತಿ ಗಡಿಗೆಯನ್ನು ಕೆಳಗಿಟ್ಟಳು.

"ಯಾವ ಚಮಚ ಮಾವ?" ಶೃತಿ ಮೆಲ್ಲಗೆ ಕೇಳಿದಳು.

"ಅದೇ... ನಮ್ಮನೆ ಡಬ್ಬೀಲಿತ್ತಲ್ಲ." ಸುಬ್ಬಯ್ಯನವರ ದನಿ ಇಳಿಯುತ್ತ ಬಂತು. "ನಿಮ್ಮತ್ತೆ ಮೊಸರಿನ ಚಮಚ. ನೆಕ್ಕಿದ್ದೆ, ಪೂರ್ತಿ ನೆಕ್ಕೇ ಹಾಕಿದ್ದೆ. ಒಂದೇ ಒಂದ್ಸಲ. ಆಮೇಲೆ ಇನ್ನೊಂದ್ಸಲ."

ಮಸೂದಾ ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲಾ ಸುಬ್ಬಣ್ಣ, ಕಣ್ಣಾದ್ರೆ ದೇವರು ಕೊಟ್ಟಿದ್ದು ಅಂತ ಸುಮ್ಮನಿರಬಹುದು. ಚಮಚ ನೀವೇ ತಂದಿದ್ದಲ್ವಾ!"

ಅವರು ಮತ್ತೆ ಟವೆಲ್ ಹುಡುಕತೊಡಗಿದರು. ಹಮೀದ್ ಮಾತ್ರ ಯಾಕೋ ನಗು ತಡೆಯಲಾರದೆ ಅಂಗಳಕ್ಕೆ ಓಡಿದ. ಅವನ ನಗು ಕೇಳಿ ಮಸೂದಾಳಿಗೂ ನಗು ಬಂತು. ಕೊನೆಗೆ ಸುಬ್ಬಯ್ಯನವರೂ ಹೆದರಿ ಹೆದರಿ ನಕ್ಕರು.

ನಗು ಮುಗಿದ ಮೇಲೆ ಸುಬ್ಬಯ್ಯನವರಿಗೇ ಒಂದು ಅನುಮಾನ ಹುಟ್ಟಿತು. "ಅಲ್ಲ ಕಣವ್ವ, ಆ ವೈರಸ್ಸು ನಮ್ಮನೇದಾದ್ರೆ ನಮ್ಮನೆ ಮೊಸರು ಯಾಕೆ ಕೆಟ್ಟಿಲ್ಲ? ಅದೂ ಕೆಟ್ಟಿದ್ರೆ ಎಷ್ಟು ಚೆನ್ನಾಗಿತ್ತು!"

ಶೃತಿಯ ಮುಖ ಅರಳಿತು. ಅದು ನಿಜವಾದ ಪ್ರಶ್ನೆಯಾಗಿತ್ತು. ಅವಳು ಸ್ಟೂಲು ಎಳೆದುಕೊಂಡು ಕೂತಳು.

"ಅಲ್ಲೇ ಇರೋದು ಮಾವ ಚಮತ್ಕಾರ. ವೈರಸ್ ಬಂದಾಗ ಎಲ್ಲ ಬ್ಯಾಕ್ಟೀರಿಯಾ ಸಾಯಲ್ಲ. ಎಲ್ಲೋ ಒಂದೆರಡು ಬದುಕಿಕೊಳ್ಳುತ್ತವೆ. ಬದುಕಿದ್ದು ಏನು ಮಾಡುತ್ತೆ ಗೊತ್ತಾ? ಆ ವೈರಸ್ಸಿನ ಜೀನಿನಿಂದ ಒಂದು ಚೂರು ಕಿತ್ತು ತನ್ನ ಜೀನಿನೊಳಗೇ ಹೊಲಿದುಕೊಳ್ಳುತ್ತೆ. ಮುಂದೆ ಅದೇ ವೈರಸ್ ಬಂದ್ರೆ ಆ ಚೂರಿನ ಜೊತೆ ಹೋಲಿಸಿ ನೋಡುತ್ತೆ. ತಾಳೆಯಾದ್ರೆ, ಕಚಕ್. ಅದರ ಹತ್ತಿರ ಒಂದು ಕತ್ತರಿ ಇದೆ."

"ಕಳ್ಳ ಬೇಲಿ ಹಾರ್ವಾಗ ಅವನ ಶರ್ಟಿನ ತುಂಡು ಹರಿದಿಟ್ಕಂಡಂಗೆ," ಅಂದರು ಸುಬ್ಬಯ್ಯನವರು.

"ಸರಿಯಾಗಿ ಹೇಳಿದ್ರಿ. ಆ ತುಂಡು ಮಕ್ಕಳಿಗೂ ಹೋಗುತ್ತೆ, ಮೊಮ್ಮಕ್ಕಳಿಗೂ ಹೋಗುತ್ತೆ. ಅತ್ತೆ ಹೆಪ್ಪಿನ ಹತ್ರ ಆ ತುಂಡು ಮೊದಲೇ ಇದೆ, ಅದಕ್ಕೇ ಕೆಟ್ಟಿಲ್ಲ."

"ಕಳ್ಳ ಶರ್ಟ್ ಬದಲಾಯಿಸ್ಕೊಂಡು ಬಂದ್ರೆ?" ಅಂದಳು ಮಸೂದಾ.

ಶೃತಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಒಂದೇ ಬೆಳಿಗ್ಗೆ ಎರಡು ಪ್ರಶ್ನೆ! "ಬರುತ್ತೆ ಆಂಟಿ, ವೈರಸ್ಸೂ ಹಾಗೇ ವೇಷ ಬದಲಾಯಿಸುತ್ತೆ. ಆಗ ಇವು ಹೊಸ ತುಂಡು ಕೀಳಬೇಕು. ಇದಕ್ಕೆ ಕ್ರಿಸ್ಪರ್ ಅಂತ ಹೆಸರು."

ಹಮೀದ್ ಅದನ್ನು ಹಪ್ಪಳದ ಒಂದು ಜಾತಿ ಅಂದುಕೊಂಡ.

"ಮೊಸರು ಮಾಡೋ ದೊಡ್ಡ ದೊಡ್ಡ ಕಂಪನಿಗಳಿಗೂ ಇದೇ ಕಾಟ ಇತ್ತು. ಯಾವ ಹೆಪ್ಪು ಸಾಯುತ್ತೆ, ಯಾವುದು ಬದುಕುತ್ತೆ ಅಂತ ಹುಡುಕೋಕೆ ಹೋದವರು ಈ ತುಂಡುಗಳು ಏನು ಕೆಲಸ ಮಾಡ್ತವೆ ಅಂತ ತೋರಿಸಿಕೊಟ್ರು. ಆಮೇಲೆ ಬೇರೆ ವಿಜ್ಞಾನಿಗಳು ಆ ಕತ್ತರೀನೇ ಆಚೆ ತೆಗೆದು ನೋಡಿದ್ರು. ಕತ್ತರಿಗೆ ನಾವೇ ಒಂದು ತುಂಡು ಕೊಟ್ರೆ, ಯಾವ ಜೀನಿನಲ್ಲಿ ಅದು ತಾಳೆಯಾಗುತ್ತೋ ಅಲ್ಲೇ ಕತ್ತರಿಸುತ್ತೆ. ಗಿಡದ್ದಾಗಲಿ, ಮನುಷ್ಯಂದಾಗಲಿ. ರಕ್ತದ ಕಾಯಿಲೆಯೊಂದಕ್ಕೆ ಇದರಿಂದ ಚಿಕಿತ್ಸೆಯೂ ಬಂದಿದೆ. ಜೀನ್ ಎಡಿಟಿಂಗ್ ಅನ್ನೋದು ಇದೇ."

"ಮೊಸರಿಂದ?" ಅಂದಳು ಮಸೂದಾ.

"ಮೊಸರೂ ಕಾರಣ ಆಂಟಿ."

ಮಸೂದಾ ಗಡಿಗೆಯನ್ನು ಒಮ್ಮೆ ಹೊಸದಾಗಿ ನೋಡಿದಳು. ಆಮೇಲೆ ಕೆಲಸದ ಮಾತಿಗೆ ಬಂದಳು. "ಹಂಗಾದ್ರೆ ನನ್ನ ಗಡಿಗೇಲೂ ಯಾರಾದ್ರೂ ಬದುಕಿರಬಹುದು?"

ಶೃತಿಯೂ ಅದನ್ನೇ ಹೇಳುವವಳಿದ್ದಳು. ಕೆಟ್ಟ ಹಾಲನ್ನು ಚೆಲ್ಲದೆ ಬಟ್ಟಲು ಬಟ್ಟಲಾಗಿ ಇಟ್ಟು ಕಾಯಬೇಕು. ಎಲ್ಲಾದರೂ ಅಂಚಿನಲ್ಲಿ ಗಟ್ಟಿಯಾದರೆ ಅದನ್ನು ತೆಗೆದು ಹೊಸ ಹಾಲಿಗೆ ಹಾಕಬೇಕು. ಅದಕ್ಕೆ ಮತ್ತೆ ಕೆಟ್ಟ ಹಾಲಿನ ನಾಲ್ಕು ಹನಿ ಸೇರಿಸಬೇಕು.

"ಕೆಟ್ಟಿದ್ದನ್ನೇ ಮತ್ತೆ ಹಾಕೋದಾ?" ಹಮೀದ್ ಗಾಬರಿಯಾದ.

"ಶತ್ರು ಎದುರಿಗೆ ಬಂದ್ರೂ ಗೆಲ್ಲುತ್ತಾ ಅಂತ ನೋಡಬೇಡವಾ ಅಣ್ಣ?"

ಆ ದಿನದಿಂದ ಮಸೂದಾಳ ಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು. ಕಿಟಕಿಯಲ್ಲಿ ಬಟ್ಟಲು, ಟೀವಿಯ ಮೇಲೆ ಬಟ್ಟಲು, ಹಮೀದನ ಮಂಚದ ಅರ್ಧದಲ್ಲಿ ಬಟ್ಟಲು. ಶೃತಿ ಕಾಲೇಜು ಮುಗಿಸಿ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು.

ಇಷ್ಟರಲ್ಲಿ ಸುಬ್ಬಯ್ಯನವರು ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ತಮ್ಮ ಕಣ್ಣು ನಿರ್ದೋಷಿಯೆಂದು ಹೇಳಿಕೊಳ್ಳುವ ಸಂಭ್ರಮದಲ್ಲಿ ಅವರು ಆಲೂರಿನಿಂದ ಹೊಸಕೋಟೆಯವರೆಗೂ ಬಸ್ಸಿನಲ್ಲಿ ನಿಂತೇ ಭಾಷಣ ಮಾಡಿದರು. ಚಮಚದ ಭಾಗ ಬಿಟ್ಟು ಉಳಿದದ್ದೆಲ್ಲ ಹೇಳಿದರು. ಬಸ್ಸಿನ ಮುಂದಿನ ಸೀಟಿನವರು ಕೇಳಿಸಿಕೊಂಡದ್ದು ಒಂದು, ಹಿಂದಿನವರು ಕೇಳಿಸಿಕೊಂಡದ್ದು ಇನ್ನೊಂದು. ಸುದ್ದಿ ಇಳಿಯುವ ಹೊತ್ತಿಗೆ ಹೀಗಾಗಿತ್ತು: ಸುಬ್ಬಯ್ಯನ ಸೊಸೆ ಆಲೂರಲ್ಲಿ ಕೂತು ಮೊಸರಿನಿಂದ ಜೀನ್ ಕತ್ತರಿಸಿ ಸರಿ ಮಾಡಿ ಕೊಡುತ್ತಾಳೆ.

ಮರುದಿನ ಸಂಜೆ ಶೃತಿ ಬಂದಾಗ ಮನೆಯ ಮುಂದೆ ಸಾಲು ನಿಂತಿತ್ತು. ಒಬ್ಬಾಕೆ ಗೊರಕೆಯ ಗಂಡನನ್ನು ಕರೆತಂದಿದ್ದಳು. ಅವನು ಸಾಲಿನಲ್ಲೇ ನಿದ್ದೆ ಹೋಗಿ ಸಾಕ್ಷಿ ಕೊಡುತ್ತಿದ್ದ. ಬೋಳುತಲೆಯ ಮೂವರು ಒಬ್ಬರನ್ನೊಬ್ಬರು ನೋಡದ ಹಾಗೆ ನಿಂತಿದ್ದರು. ಎಲ್ಲರಿಗಿಂತ ಮುಂದೆ ಸಿದ್ದಬಸಪ್ಪ, ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಎಮ್ಮೆ.

"ಮೇಡಮ್ಮೋರೆ, ಇದು ಹಾಲು ಕರಿಯಕ್ಕೆ ಹೋದ್ರೆ ಒದಿತದೆ. ಒದಿಯೋ ಜೀನು ಒಂದನ್ನ ಕತ್ತರಿಸ್ಬುಡಿ. ಬಾಲ ಬೀಸೋದು ಇರ್ಲಿ, ಪರವಾಗಿಲ್ಲ."

"ಹಾಗೆಲ್ಲ ಆಗಲ್ಲ ಸಿದ್ದಬಸಪ್ಪನೋರೆ. ಅದಕ್ಕೆ ಲ್ಯಾಬ್ ಬೇಕು, ವರ್ಷಗಟ್ಟಲೆ ಕೆಲಸ, ಸರ್ಕಾರದ ಅನುಮತಿ. ಅದೂ ಅಲ್ಲದೆ ಒದಿಯೋದಕ್ಕೆ ಅಂತ ಒಂದೇ ಜೀನ್ ಇರಲ್ಲ."

"ನಾಲ್ಕು ಕಾಲಿಗೆ ನಾಲ್ಕಿರ್ತವೆ. ಹಿಂದಿನ ಎರಡು ತೆಗೀರಿ ಸಾಕು."

ಶೃತಿ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಅರ್ಥವಾಗುವಂತೆ ಪಾಠ ಮಾಡಿದಳು. ಒಬ್ಬರೂ ನಂಬಲಿಲ್ಲ, ಮೇಡಂ ಬೇಕೆಂದೇ ಗುಟ್ಟು ಬಿಡುತ್ತಿಲ್ಲ ಅಂದುಕೊಂಡರು. ಈ ನಡುವೆ ಎಮ್ಮೆ ಕಿಟಕಿಯೊಳಗೆ ಮೂತಿ ಹಾಕಿ ಐದಾರು ಬಟ್ಟಲು ಖಾಲಿ ಮಾಡಿತು. ಮಸೂದಾ ಪೊರಕೆ ಹಿಡಿದು ಆಚೆ ಬಂದಳು. ಎಮ್ಮೆ ಒದೆಯಿತು. ಏಟು ಬಿದ್ದದ್ದು ಸಿದ್ದಬಸಪ್ಪನಿಗೆ. ಸಾಲು ಚದುರಿತು. ಗೊರಕೆಯವನನ್ನು ಎಬ್ಬಿಸಿ ಕರೆದುಕೊಂಡು ಹೋಗಲು ಹೆಂಡತಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆ ಗದ್ದಲದ ಮರುದಿನ ದ್ರಾಕ್ಷಾಯಣಮ್ಮ ಬಂದಿಳಿದರು. ತಮ್ಮ ಮೊಸರಿನಲ್ಲಿ ರೋಗವಿದೆಯೆಂಬ ಮಾತು ಅವರ ಕಿವಿಗೂ ಬಿದ್ದಿತ್ತು. ಮುಖ ಧುಮುಗುಡುತ್ತಿತ್ತು, ಹಿಂದೆ ಸುಬ್ಬಯ್ಯನವರು ಕುಗ್ಗಿಕೊಂಡು ನಿಂತಿದ್ದರು.

"ಯಾರಮ್ಮ ನನ್ನ ಮೊಸರಿಗೆ ವೈರಸ್ಸು ಅಂದೋರು? ಇವರು ಇಷ್ಟು ವರ್ಷ ತಿಂದು ಕಲ್ಲುಗುಂಡಿನಂಗಿಲ್ವಾ?"

ಮಸೂದಾ ಒಂದು ಕ್ಷಣ ಯೋಚಿಸಿದಳು. ಆಮೇಲೆ ಆಕೆಯನ್ನು ಕೈಹಿಡಿದು ಒಳಗೆ ಕರೆದಳು. "ಅಕ್ಕಾ, ತಪ್ಪು ಸುದ್ದಿ ಅದು. ನಿಮ್ಮ ಮೊಸರಿನದು ಸೋಲದ ಜಾತಿಯಂತೆ. ಎಂಥ ವೈರಸ್ ಬಂದ್ರೂ ಕತ್ತರಿಸಿ ಬಿಸಾಕ್ತದಂತೆ. ನನ್ನದು ಬರೀ ಸುಖದಲ್ಲಿ ಬೆಳೆದಿದ್ದು, ಒಂದೇ ಏಟಿಗೆ ಬಿದ್ದೋಯ್ತು. ಬೇಕಾದ್ರೆ ಶೃತೀನ ಕೇಳಿ."

"ಹೌದು ಅತ್ತೆ," ಅಂದಳು ಶೃತಿ. ಅದು ಸುಳ್ಳೂ ಆಗಿರಲಿಲ್ಲ.

ದ್ರಾಕ್ಷಾಯಣಮ್ಮ ಗಂಡನ ಕಡೆ ತಿರುಗಿದರು. "ಕೇಳಿದ್ರಾ?"

"ಕೇಳ್ದೆ," ಅಂದರು ಸುಬ್ಬಯ್ಯನವರು. ಇನ್ನು ಸಾಯುವವರೆಗೆ ಆ ಮೊಸರಿನಿಂದ ಬಿಡುಗಡೆಯಿಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು.

ಆಕೆ ಸೆರಗು ಸಿಕ್ಕಿಸಿ ಬಟ್ಟಲು ತೊಳೆಯಲು ಕೂತರು. ಟೀವಿಯ ಮೇಲಿನ ಬಟ್ಟಲೊಂದರ ಅಂಚಿನಲ್ಲಿ ಬೆಳ್ಳಗೆ, ಉಗುರಿನಷ್ಟು ಗಟ್ಟಿಯಾದದ್ದನ್ನು ಮೊದಲು ಕಂಡವರೂ ಆಕೆಯೇ. "ಇದೇನು, ಇಲ್ಲಿ ನಿಂತದೆ?"

ಮಸೂದಾ ಓಡಿಬಂದು ಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು. ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿಯ ಮೊಸರಿನ ರುಚಿಯೇ.

ಅದನ್ನು ಹೊಸ ಹಾಲಿಗೆ ಹಾಕಿದರು, ಕೆಟ್ಟ ಹಾಲಿನ ಹನಿ ಸೇರಿಸಿದರು. ಬೆಳಿಗ್ಗೆ ಅರೆಬರೆ ಹೆಪ್ಪಾಗಿತ್ತು. ಅದರಿಂದ ಮತ್ತೊಂದು, ಮತ್ತೊಂದರಿಂದ ಇನ್ನೊಂದು. ಕೊನೆಗೊಂದು ಬೆಳಿಗ್ಗೆ ಹಮೀದ್ ಬಟ್ಟಲನ್ನು ತಲೆಕೆಳಗು ಮಾಡಿ ತನ್ನ ತಲೆಯ ಮೇಲೆ ಹಿಡಿದ. ಒಂದು ತೊಟ್ಟೂ ಬೀಳಲಿಲ್ಲ. ಖುಷಿಗೆ ಹಾಗೇ ಹಿಡಿದುಕೊಂಡು ಶೃತಿಗೆ ಫೋನ್ ಮಾಡುವಾಗ ಪೂರ್ತಿ ಬಿತ್ತು.

ಮದುವೆಯ ಬೆಳಿಗ್ಗೆ ದೊಡ್ಡ ಪಾತ್ರೆಗಳ ಮುಚ್ಚಳ ತೆಗೆದಾಗ ಮೊಸರು ಕಲ್ಲಿನಂತೆ ನಿಂತಿತ್ತು. ಮಸೂದಾ ಅಲ್ಲಾನನ್ನು ನೆನೆದು ಸೌಟು ಹಾಕಿದಳು. ಸೌಟು ಮೇಲೆ ಬಂತು. ಮೊಸರೂ ಮೇಲೆ ಬಂತು. ಸೌಟಿಗೂ ಪಾತ್ರೆಗೂ ನಡುವೆ ಬೆಳ್ಳನೆಯ ನೂಲೊಂದು ತೂಗಾಡಿತು. ಮಸೂದಾ ಕೈ ಎತ್ತಿದಷ್ಟೂ ನೂಲು ಬೆಳೆಯಿತು. ಹಮೀದ್ ಸೌಟು ಇಸಿದುಕೊಂಡು ಹಿಂದೆ ಹಿಂದೆ ನಡೆದ. ಬಾಗಿಲವರೆಗೂ ನೂಲು ಕಡಿಯಲಿಲ್ಲ.

ಫೋನಿನಲ್ಲಿ ಶೃತಿ ಹೇಳಿದಳು: "ಬದುಕಿ ಉಳಿದದ್ದರಲ್ಲಿ ಯಾವುದೋ ಒಂದು ಸ್ವಲ್ಪ ಅಂಟಿನ ಜಾತಿ ಇರಬೇಕು ಆಂಟಿ. ನನಗೂ ಸರಿಯಾಗಿ ಗೊತ್ತಿಲ್ಲ. ರುಚಿ, ವಾಸನೆ ಸರಿಯಿದ್ರೆ ತಿನ್ನಬಹುದು, ಏನೂ ಆಗಲ್ಲ."

ರುಚಿಯಲ್ಲಿ ಒಂದು ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಬೇರೆ ದಾರಿಯೂ ಇರಲಿಲ್ಲ. ಈರುಳ್ಳಿ, ಸೌತೆಕಾಯಿ, ಕೊತ್ತಂಬರಿ ಬೆರೆಸಿ ಸಕಲೇಶಪುರಕ್ಕೆ ಹೊತ್ತೊಯ್ದರು.

ಶಾದಿಮಹಲಿನ ಊಟದ ಕೋಣೆಯಲ್ಲಿ ಮೊದಲ ಸಾಲಿಗೆ ಗಂಡಿನ ಕಡೆಯ ಹಿರಿಯರು ಕೂತರು. ಅವರಲ್ಲಿ ಗಡ್ಡ ಬೆಳ್ಳಗಾದ ಒಬ್ಬ ಅಜ್ಜ, ಊಟದ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಅವರ ಒಂದು ಮಾತಿಗೆ ಅಡುಗೆಯವರ ಹೆಸರು ಏಳುತ್ತದೆ ಅಥವಾ ಬೀಳುತ್ತದೆ ಎಂದು ನಾಜಿಮಾ ಮೊದಲೇ ಹೆದರಿಸಿದ್ದಳು. ಅಜ್ಜ ಒಂದು ಚಮಚ ಬಜ್ಜಿ ಬಾಯಿಗಿಟ್ಟರು. ಚಮಚ ತಟ್ಟೆಗೆ ಮರಳಿತು. ಗಡ್ಡದಿಂದ ತಟ್ಟೆಯವರೆಗೆ ನೂಲು ಹಾಗೇ ನಿಂತಿತು. ಅಜ್ಜ ತಲೆ ಹಿಂದಕ್ಕೆ ತೆಗೆದರು. ನೂಲು ಹಿಂಬಾಲಿಸಿತು. ಎಡಕ್ಕೆ ಬಾಗಿದರು. ಅದೂ ಬಾಗಿತು.

"ಇದು ಎಲ್ಲಿಯ ಮೊಸರು?" ಅಂದರು ಅಜ್ಜ.

ಇಡೀ ಸಾಲು ತಿನ್ನುವುದನ್ನು ನಿಲ್ಲಿಸಿತು. ಜೀವನದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಹಮೀದನ ಬಾಯಿಂದ ತಾನಾಗಿ ಒಂದು ಮಾತು ಹೊರಬಿತ್ತು. "ಟರ್ಕಿ ಮೊಸರು."

ಮಸೂದಾ ಗಂಡನನ್ನು ನೋಡಿದಳು. ಹಮೀದ್ ಛಾವಣಿ ನೋಡಿದ.

ಪಕ್ಕದ ಸಾಲಿನಲ್ಲಿ, ಗೋಡೆಗೆ ಮುಖ ಮಾಡಿ ತಾವಾಗಿಯೇ ಕುರ್ಚಿ ಹಾಕಿಕೊಂಡಿದ್ದ ಸುಬ್ಬಯ್ಯನವರು ಸಸ್ಯಾಹಾರದ ತಟ್ಟೆಯಲ್ಲಿದ್ದ ಬಜ್ಜಿ ತಿಂದು ಕಣ್ಣು ಮುಚ್ಚಿಕೊಂಡಿದ್ದರು. ತುಟಿ ಬಿಗಿ ಹಿಡಿದಿದ್ದರು. ಹಣೆಯ ನರ ಉಬ್ಬಿತ್ತು. ಮಸೂದಾ ಅವರ ಹಿಂದೆ ಹೋಗಿ ನಿಂತಳು.

"ಹೇಳ್ಬುಡಿ ಸುಬ್ಬಣ್ಣ."

"ಬೇಡ ತಾಯಿ."

"ನಿಮ್ಮ ಕಣ್ಣಲ್ಲ ಅಂತ ಗೊತ್ತಾಯ್ತಲ್ಲ. ನಂಬದೆ ಇರೋದಾದ್ರೆ ಅಷ್ಟೆಲ್ಲ ಬಟ್ಟಲು ಯಾಕೆ ತೊಳೆದ್ವಿ? ತಿರುಗಿ ಕೂತ್ಕೊಂಡು ಹೇಳಿ."

ಸುಬ್ಬಯ್ಯನವರು ಕುರ್ಚಿ ತಿರುಗಿಸಿದರು. ಅಷ್ಟು ಜನ ಊಟ ಮಾಡುವುದನ್ನು ಎದುರಿನಿಂದ ನೋಡಿ ಬಹಳ ವರ್ಷವಾಗಿತ್ತು. ಕೆಳದನಿಯಲ್ಲಿ ಅಂದರು: "ಚೆನ್ನಾಗೈತೆ."

ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಹೊರಗೆ ಪೆಂಡಾಲು ನಿಂತೇ ಇತ್ತು. ಬಿರಿಯಾನಿಯ ಹಂಡೆ ಮಗುಚಲಿಲ್ಲ.

"ಭಾಳ ಚೆನ್ನಾಗೈತೆ," ಅಂದರು, ಇನ್ನೂ ಸ್ವಲ್ಪ ಜೋರಾಗಿ. ಏನೂ ಆಗಲಿಲ್ಲ. ಆಮೇಲೆ ಅವರನ್ನು ಹಿಡಿಯುವವರಿರಲಿಲ್ಲ. ಮೊಸರನ್ನು ಹೊಗಳಿದರು, ಸೌತೆಕಾಯಿಯನ್ನು ಹೊಗಳಿದರು, ಮದುಮಗನ ಶೇರ್ವಾನಿಯನ್ನು ಹೊಗಳಿದರು, ಅಜ್ಜನ ಗಡ್ಡವನ್ನೂ ಅದರಿಂದಿಳಿದ ನೂಲನ್ನೂ ಒಟ್ಟಿಗೆ ಹೊಗಳಿದರು. ಅಜ್ಜನಿಗೆ ಹೊಗಳಿಕೆ ಹಿಡಿಸಿತು. ಅವರು ಚಮಚ ಎತ್ತಿ ನೂಲನ್ನು ಬೆರಳಿಗೆ ಸುತ್ತಿ, ಚೀಪಿ, "ಟರ್ಕಿಯವರು ತಿನ್ನೋದು ಹೀಗೇ" ಅಂದರು. ಅವರು ಟರ್ಕಿಗೆ ಹೋಗಿದ್ದರೇ ಇಲ್ಲವೇ ಯಾರೂ ಕೇಳಲಿಲ್ಲ. ಕೋಣೆಯ ತುಂಬ ಮಕ್ಕಳೂ ಮುದುಕರೂ ಬಜ್ಜಿಯ ನೂಲು ಯಾರದು ಉದ್ದ ಎಂದು ಎಳೆದೆಳೆದು ನೋಡತೊಡಗಿದರು. ಶೃತಿ ಒಂದು ಮೂಲೆಯಲ್ಲಿ ಆತಿಕಾಳ ಗೆಳತಿಯರಿಗೆ ಶರ್ಟಿನ ತುಂಡಿನ ಕತೆ ಹೇಳುತ್ತಿದ್ದಳು. ಅವರಲ್ಲೊಬ್ಬಳು ಏನೋ ಕೇಳಿದ್ದಕ್ಕೆ ಅವಳ ಮುಖ ಇಷ್ಟಗಲವಾಗಿತ್ತು.

ಅದಾದ ಮೇಲೆ ಮಸೂದಾಳ ಮೊಸರಿಗೆ ಎಂದಿಲ್ಲದ ಬೇಡಿಕೆ ಬಂತು. ಹಾಸನದಿಂದಲೂ ಕರೆಗಳು ಬಂದವು, ಎಲ್ಲರಿಗೂ ಟರ್ಕಿ ಮೊಸರೇ ಬೇಕು. ಆದರೆ ಹೆಪ್ಪಿನಿಂದ ಹೆಪ್ಪಿಗೆ ಸಾಗುತ್ತ ಆ ಅಂಟು ತಾನಾಗಿ ಕಮ್ಮಿಯಾಗಿ, ಮೊಸರು ಮೊದಲಿನ ಹಾಗೆ ಸೌಟೆತ್ತಿದರೆ ನೂಲೆಳೆಯದ ಮೊಸರೇ ಆಯಿತು. ಮಸೂದಾಳಿಗೆ ಬೇಕಾಗಿದ್ದದ್ದೂ ಅದೇ. ಒಂದು ಮಧ್ಯಾಹ್ನ ಹಾಸನದ ಹೆಂಗಸೊಬ್ಬರು ಸಿಟ್ಟಿನಿಂದ ಫೋನ್ ಮಾಡಿದರು.

"ಏನಮ್ಮ, ಮೊಸರೇನೋ ರುಚಿಯಾಗಿದೆ, ನೂಲೇ ಬರ್ತಿಲ್ಲ. ಟರ್ಕಿದು ಅಂತ ಹೇಳಿ ಇಲ್ಲೀದೇ ಕಳಿಸಿದ್ದೀರಾ?"

ಮಸೂದಾ ಪಕ್ಕದಲ್ಲಿದ್ದ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಆಮೇಲೆ ಬಹಳ ಸಮಾಧಾನದಿಂದ ಹೇಳಿದಳು:

"ಅದರ ವೀಸಾ ಮುಗೀತು ಕಣಮ್ಮ. ವಾಪಸ್ ಹೋಗ್ಬುಡ್ತು."